ಗೋರಿಯ ನೀರು

ನಮ್ಮೂರಲ್ಲಿ ಸಿಮೆಂಟು ಕಾಣುವುದು ಎರಡೇ ಕಡೆ: ಶಾಲೆಯಲ್ಲಿ, ಗೋರಿಗಳ ಮೇಲೆ. ಶೀರೆ ನದಿ ಬಯಲಿನ ನಾವೆಲ್ಲ ಮಣ್ಣುಗೋಡೆಯವರು. ಹೀಗಿರುವಾಗ ಯಾರೋ ದೂರದೇಶದ ಗಂಡಹೆಂಡಿರು ಧರ್ಮಕ್ಕೆಂದು ಕೊಳವೆಬಾವಿ ಕೊರೆಸಿ, ಕೈಪಂಪಿನ ಸಿಮೆಂಟು ಕಟ್ಟೆಯ ಮೇಲೆ ಒಂದು ಹುಡುಗಿಯ ಹೆಸರು, ಹುಟ್ಟಿದ ದಿನ, ಸತ್ತ ದಿನ ಕೆತ್ತಿಸಿದರು. ಅಕ್ಷರ ಬಲ್ಲ ನಾನೇ ಅದನ್ನು ಊರಿಗೆ ಓದಿ ಹೇಳಿದೆ. ಊರಿಗೆ ಊರೇ ಹಿಂದೆ ಸರಿಯಿತು.

"ಬಾವಿಯಂತೆ ಬಾವಿ! ಇದು ಗೋರಿ ಕಣ್ರೇ," ಎಂದ ನಮ್ಮ ಸೋದರಮಾವ ಖೊಂಬೆ. "ಬಿಟ್ಟಿ ಯಾರಾದ್ರೂ ನೀರು ಕೊಡ್ತಾರಾ? ಅವರ ಹೆಣಾನ ನಮ್ಮ ಮಣ್ಣಲ್ಲಿ ಹೂತು, ಮೇಲೆ ಪಂಪು ಇಟ್ಟು ಹೋಗವ್ರೆ. ಒಂಟಿ ಮಗು ಅದು. ಜೊತೆಗೆ ನಮ್ಮ ಮಕ್ಕಳನ್ನ ಕರೀತದೆ, ನೋಡ್ತಿರಿ."

ನಮ್ಮಲ್ಲಿ ತಾಯಿಯ ಅಣ್ಣ ಹೇಳಿದ್ದೇ ಕೊನೆ. ನಾನೂ ನನ್ನ ತಂಗಿ ಎಲುಬೆಯೂ ಕೊಡ ಹೊತ್ತು ಮತ್ತೆ ಹಳ್ಳದ ಹಾದಿ ಹಿಡಿದೆವು. ಸುಳ್ಳೇಕೆ ಹೇಳಲಿ, ನನಗೂ ಅನುಮಾನವೇ. ಬಾವಿ ಮುಗಿದ ದಿನ ಅವರ ಕಡೆಯಿಂದ ಕಾರಿನಲ್ಲಿ ಬಂದವರು ನಾಲ್ಕು ಫೋಟೊ ತೆಗೆದುಕೊಂಡು ಹೊರಟರು. ಆ ಹೆಸರು ಯಾರದೆಂದು ಒಬ್ಬರಾದರೂ ಹೇಳಬಾರದಿತ್ತೆ?

ಆ ನೀರು ಕುಡಿದವಳು ಕೊನೆಮನೆಯ ಒಂಟಿ ಮುದುಕಿ ನಾಸಿಬೆಕೊ ಒಬ್ಬಳೇ. ಬಾವಿ ಕೊರೆಯಲು ಬಂದವರಿಗೆ ಜೋಳದ ಮುದ್ದೆ ಬೇಯಿಸಿ ಹಾಕಿದ್ದವಳು ಅವಳು.

"ಹೆಣಾನೂ ಇಲ್ಲ, ಗಿಣಾನೂ ಇಲ್ಲ. ಮಗಳು ಸತ್ತ ಸಂಕಟಕ್ಕೆ, ಬೇರೆಯೋರ ಮಕ್ಕಳಾದ್ರೂ ಬದುಕಲಿ ಅಂತ ಅವಳ ಹೆಸರಲ್ಲಿ ನೀರು ಕೊಟ್ಟವ್ರೆ. ಕೊರೆಯೋರೇ ಹೇಳಿದ್ರು. ಎರಡು ತಿಂಗಳಿಂದ ಕುಡೀತಿದೀನಿ, ನನಗೇನಾಗಿದೆ?"

"ಅದನ್ನೇ ನಾನೂ ಕೇಳೋದು!" ಎಂದ ಮಾವ. "ಗೋರಿ ನೀರು ಕುಡಿದ್ರೂ ಈ ಮುದುಕಿಗೆ ಯಾಕೆ ಏನೂ ಆಗ್ಲಿಲ್ಲ? ಕೆಳಗಿರೋಳ ಜೊತೆ ಏನೋ ಒಪ್ಪಂದ ಆಗಿದೆ."

"ಸಾಕು ಸುಮ್ನಿರೋ, ನಿನ್ನ ಹೊಕ್ಕುಳಬಳ್ಳಿ ಕುಯ್ದೋಳು ನಾನು," ಎಂದು ನಾಸಿಬೆಕೊ ಅಜ್ಜಿ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಮಳೆ ಶುರುವಾಗಿ ಹಳ್ಳ ಕೆಂಪಾಯಿತು. ಎಲುಬೆಯ ಮೂರು ವರ್ಷದ ಮಗಳು ಫಲೆಸಿಗೆ ವಾಂತಿ, ಭೇದಿ ಹಿಡಿಯಿತು. ಅಜ್ಜಿ ಪಂಪಿನ ನೀರು ಕಾಯಿಸಿ, ಉಪ್ಪು ಸಕ್ಕರೆ ಬೆರೆಸಿ ತಂದಳು. ಮಾವ ಹೊಸ್ತಿಲಲ್ಲೇ ಮಡಕೆಯನ್ನು ಒದ್ದ. ಮೂರನೆಯ ದಿನ ಆಸ್ಪತ್ರೆಯ ದಾರಿಯಲ್ಲಿ ಮಗು ನನ್ನ ತಂಗಿಯ ಬೆನ್ನ ಮೇಲೇ ಪ್ರಾಣಬಿಟ್ಟಿತು.

ಹೂಳುವ ಮುನ್ನ ಸೋದರಮಾವ ಎದ್ದು ನಿಂತು ಕಾಯಿಲೆಯ ಕಥೆ ಹೇಳುವುದು ನಮ್ಮ ಪದ್ಧತಿ. ಅಲ್ಲಿ ಮಾಟಗಾರರೆಂದು ಯಾರ ಹೆಸರು ಬರುತ್ತದೋ ಅವರಿಗೆ ಊರಲ್ಲಿ ಉಳಿಗಾಲವಿಲ್ಲ. ಹೋದ ವರ್ಷ ಹಾಗೆ ಹೆಸರು ಬಂದ ಮುದುಕನನ್ನು ಒಳಗಿಟ್ಟೇ ಗುಡಿಸಲಿಗೆ ಬೆಂಕಿ ಹಚ್ಚಿದರು. ನಾವೆಲ್ಲ ನೋಡುತ್ತ ನಿಂತಿದ್ದೆವು, ನಮ್ಮ ಮುಖಕ್ಕಿಷ್ಟು! ಈ ಸಲ ಯಾರ ಹೆಸರೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅಜ್ಜಿ ಬಂದು ಹೆಂಗಸರ ನಡುವೆ ಕೂತಿದ್ದಳು. ಅಕ್ಕಪಕ್ಕದವರು ಸರಿದು ಕೂತರು.

"ಕಾಯಿಲೆ ಬಂದದ್ದು ಮಂಗಳವಾರ," ಎಂದು ಮಾವ ಶುರುಮಾಡಿದ. "ಮಗೂನ ಆ ಗೋರಿಯೋಳಿಗೆ ಒಪ್ಪಿಸಿದ್ದು..."

"ಮಾವ, ನಿಲ್ಸು."

ಎಲುಬೆ ಎದ್ದಿದ್ದಳು. ಆ ಹೊತ್ತಿನಲ್ಲಿ ತಾಯಿ ಬಾಯಿಬಿಡಬಾರದು.

"ಕಾಯಿಲೆ ಕಥೆ ನಾನು ಹೇಳ್ತೀನಿ. ಸೋಮವಾರ ಹಳ್ಳದಿಂದ ನೀರು ತಂದೆ. ದನ ಇಳಿದಿದ್ದ ನೀರು. ನನ್ನ ಕೈಯಾರೆ ಕುಡಿಸ್ದೆ. ಅಜ್ಜಿ ತಂದ ನೀರನ್ನ ನೀನು ಒದ್ದೆ, ನಾನು ಸುಮ್ನಿದ್ದೆ. ಹೆಸರು ಬೇಕಾ? ಮೊದಲು ನನ್ನ ಹೆಸರು ಹೇಳು. ಆಮೇಲೆ ನಿನ್ನದು."

"ದುಃಖಕ್ಕೆ ತಲೆ ಕೆಟ್ಟಿದೆ. ಕೂರ್ಸೇ ಅವಳನ್ನ," ಎಂದು ಮಾವ ನನ್ನತ್ತ ಗದರಿದ.

ನಾನು ಎದ್ದೆ. ತಂಗಿಯ ಪಕ್ಕ ನಿಂತು, "ನನ್ನ ಹೆಸರೂ ಸೇರ್ಸು ಮಾವ. ಕಟ್ಟೆ ಮೇಲಿನ ಹೆಸರು ಓದಿ ಊರನ್ನ ಹೆದರಿಸಿದೋಳು ನಾನು," ಎಂದೆ.

ಮಾವ ಸುತ್ತ ನೋಡಿದ. ಗಂಡಸರು ಅವನತ್ತ ನೋಡದೆ ಹಾರೆ ಎತ್ತಿಕೊಂಡರು. ಯಾರ ಹೆಸರೂ ಬರದೆ ಫಲೆಸಿಯನ್ನು ಹೂತೆವು. ಬಾಯಿಬಿಟ್ಟು ಕೇಳದೆ, ಹೇಳಿದವಳನ್ನು ನಂಬದೆ, ಬರೀ ಅನುಮಾನ ಪಟ್ಟುಕೊಂಡೇ ಬಂಗಾರದಂಥ ಮಗುವನ್ನು ಕಳೆದುಕೊಂಡೆವಲ್ಲ!

ಹೂತು ಬಂದವರು ಕೈ ತೊಳೆಯಲು ಅಂಗಳದಲ್ಲಿ ಹಳ್ಳದ ನೀರು ಇಟ್ಟಿದ್ದರು. ಎಲುಬೆ ಅದನ್ನು ದಾಟಿ ನೇರ ಪಂಪಿಗೆ ನಡೆದಳು. ಅಜ್ಜಿ ಪಂಪು ಒತ್ತಿದಳು. ತಂಗಿ ಕೈ ತೊಳೆದಳು, ಕುಡಿದಳು, ಆಮೇಲೆ ಒದ್ದೆ ಕೈಯಿಂದ ಕಟ್ಟೆಯ ಮೇಲಿನ ಕೆಸರನ್ನು ಒರೆಸಿದಳು.

"ಅಕ್ಕಾ, ಇವಳಿಗೆಷ್ಟು ವರ್ಷ ಆಗಿತ್ತು?"

ನಾನು ಎರಡೂ ದಿನಗಳನ್ನು ಮತ್ತೆ ಓದಿದೆ. ಲೆಕ್ಕ ಹಾಕಬೇಕೆಂದು ಅಲ್ಲಿಯವರೆಗೆ ನನಗೆ ತೋಚಿರಲೇ ಇಲ್ಲ.

"ಮೂರು," ಎಂದೆ.

ಎಲುಬೆ ಆ ಹೆಸರಿನ ಪಕ್ಕ ಕುಸಿದು ಕೂತು, ಸಾವಾದಾಗಿನಿಂದ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ನಾನು ಕೊಡ ತರಲು ಮನೆಗೆ ಓಡಿದೆ.