ಯಾವ ಪಂಜದಮ್ಮ?

ಇನ್ನೊಬ್ಬರು ಯಾರಾದರೂ ನನಗೆ ‘ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ’ ಎಂದರೆ ಅವರ ಗ್ರಹಚಾರ ಬಿಡಿಸುತ್ತೇನೆ ಎಂದು ಆ ದಿನ ಮಧ್ಯಾಹ್ನದೊಳಗೆ ನಾನು ತೀರ್ಮಾನ ಮಾಡಿಯಾಗಿತ್ತು. ಡ್ಯೂಟಿ ಡಾಕ್ಟರು ಹೇಳಿದರು, ಮ್ಯಾನೇಜರು ಹೇಳಿದರು, ಕೊನೆಗೆ ನನ್ನ ಗಂಡ ಹರಿಪ್ರಸಾದರೂ ಹೇಳಿದರು. ಸಮಾಧಾನವಂತೆ! ಅವರದೇ ಅಮ್ಮ ಕಣ್ಣೆದುರು ಸಾಯುವುದರಲ್ಲಿದ್ದರು, ಇವರಿಗೆಲ್ಲ ನನ್ನ ಸಮಾಧಾನದ ಚಿಂತೆ.

ಅತ್ತೆಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತ್ತು. ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆಯೇ ವಕೀಲರ ನೋಟಿಸ್ ಬಂದೀತು. ಅವರ ಹೆಸರಿಗೆ ಅಷ್ಟು ಬೆಲೆ. ಒಳಗೆ ಮಲಗಿದವರ ಹೆಸರು ಮಾತ್ರ ಯಾರಿಗೂ ಬೇಡ. ಹೆಂಗಸರ ವಾರ್ಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಕ್ರಮವೇ ಇರಲಿಲ್ಲ. ಕಡಬದಮ್ಮ, ಈಶ್ವರಮಂಗಲದಕ್ಕ, ನಮ್ಮ ಅತ್ತೆ ಪಂಜದಮ್ಮ. ಹಿರಿಯರನ್ನು ಹೆಸರು ಹೇಳಿ ಕೂಗಬಾರದಲ್ಲ, ಅದಕ್ಕೆ ಊರು.

ನಿಜ ಹೇಳಬೇಕೆಂದರೆ ಮೊದಲ ದಿನ ನನಗೂ ಅದು ಚಂದವೇ ಕಂಡಿತ್ತು. ಅತ್ತೆಯಂತೂ ಹಿಗ್ಗಿಹೋಗಿದ್ದರು.

“ಎಷ್ಟು ಮರ್ಯಾದೆಯ ಮಕ್ಕಳು ನೋಡು ಭವಿತಾ. ನಿನ್ನ ಹಾಗೆ ಬಾಯಿ ಇಲ್ಲ,” ಎಂದು ನನಗೊಂದು ಕುಟುಕಿದರು.

ನಾವಿಬ್ಬರು ಇರುವುದೇ ಹಾಗೆ. ಪಂಜದ ಪೇಟೆಯಲ್ಲಿ ನಾನು ಬ್ಯೂಟಿ ಪಾರ್ಲರ್ ಇಟ್ಟ ದಿನದಿಂದ ಅವರಿಗೆ ನನ್ನ ಮೇಲೆ ಸಿಟ್ಟು. ಆದರೆ ನಾನು ಮಾಡಿದ ಸಾರಿಲ್ಲದೆ ಅವರಿಗೆ ಊಟ ಇಳಿಯುವುದಿಲ್ಲ, ಅವರ ಗೊಣಗಾಟವಿಲ್ಲದೆ ನನಗೆ ಬೆಳಗಾಗುವುದಿಲ್ಲ.

ಮೂರನೆಯ ದಿನ ಬೆಳಗ್ಗೆ ನಾನು ಕೆಳಗಿನ ಕ್ಯಾಂಟೀನಿನಿಂದ ಗಂಜಿ ತಂದಾಗ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. “ಈಗ ಒಂದು ಸೂಜಿ ಚುಚ್ಚಿ ಹೋದ್ರು,” ಎಂದರು. ದಿನಾ ಚುಚ್ಚುತ್ತಾರೆ, ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಎರಡು ಚಮಚ ಗಂಜಿ ಕುಡಿದು ಸಾಕೆಂದು ಮಲಗಿದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಹಣೆ, ಕುತ್ತಿಗೆ, ರವಕೆ ಎಲ್ಲ ಬೆವರಿನಲ್ಲಿ ತೊಯ್ದಿತ್ತು. ಕೈ ಗಡಗಡ ನಡುಗುತ್ತಿತ್ತು. ಎಂತಾಯ್ತು ಅತ್ತೆ ಎಂದು ಅಲುಗಾಡಿಸಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ತೊದಲಿದರು.

“ನೀನು ಯಾರ ಮಗಳು?”

ಹದಿನೈದು ವರ್ಷ ಒಂದೇ ಅಡುಗೆಮನೆಯಲ್ಲಿ ಜಗಳಾಡಿದವಳನ್ನು ಯಾರ ಮಗಳು ಎಂದು ಕೇಳಿದರು! ಅವರು ಕಣ್ಣು ಮೇಲೆ ಮಾಡಿದ್ದು, ನಾನು ಕಿರುಚಿದ್ದು ಒಟ್ಟಿಗೇ.

ಡ್ಯೂಟಿ ಡಾಕ್ಟರು ಕೌಶಲ್ ಎಂಬ ಹುಡುಗ ಓಡಿ ಬಂದ. ಬೆರಳು ಚುಚ್ಚಿ ನೋಡಿದ, ಶುಗರ್ ಪಾತಾಳಕ್ಕೆ ಇಳಿದಿತ್ತು. ನರಕ್ಕೆ ಗ್ಲೂಕೋಸ್ ಏರಿಸಿದ ಮೇಲೆ ಅತ್ತೆ ನಿಧಾನಕ್ಕೆ ಕಣ್ಣು ಬಿಟ್ಟರು. ಬಿಟ್ಟವರು, “ಗಂಜಿ ಮುಚ್ಚಿಟ್ಟಿದ್ದೀಯಾ? ನೊಣ ಕೂತೀತು,” ಎಂದರು. ನನಗೆ ಅಳು ಬಂತು.

“ಸರಿಯಾಗಿ ತಿನ್ನದೆ ಶುಗರ್ ಇಳಿದದ್ದು ಅಕ್ಕ. ವಯಸ್ಸಾದವರಲ್ವಾ,” ಎಂದ ಕೌಶಲ್.

“ಶಿವರಾತ್ರಿಗೆ ಇಡೀ ದಿನ ಉಪವಾಸ ಕೂರುವ ಹೆಂಗಸು ಇವರು. ಶುಗರ್ ಕಾಯಿಲೆಯೂ ಇಲ್ಲ. ಗಂಜಿ ಎರಡು ಚಮಚ ಕಡಿಮೆಯಾದದ್ದಕ್ಕೆ ಹೀಗಾದದ್ದಾ?”

“ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ,” ಎಂದು ಅವನು ಮೇಲಿನ ಮಾಳಿಗೆಗೆ ಹೋದ.

ನಾನು ಅತ್ತೆಯ ಪಕ್ಕ ಕೂತೆ. “ಬೆಳಗ್ಗೆ ಸೂಜಿ ಎಲ್ಲಿಗೆ ಕೊಟ್ಟದ್ದು?”

“ಹೊಟ್ಟೆಗೆ. ಸಣ್ಣ ಸೂಜಿ, ನೋವೇ ಆಗ್ಲಿಲ್ಲ.”

ನನ್ನ ಅಪ್ಪ ಬದುಕಿದ್ದಷ್ಟು ಕಾಲ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡವರು. ಆ ಸಣ್ಣ ಸೂಜಿ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. “ಚುಚ್ಚುವ ಮೊದಲು ನರ್ಸು ನಿಮ್ಮ ಹತ್ರ ಎಂತ ಕೇಳಿದ್ದು?”

“ಪಂಜದಮ್ಮ ಅಲ್ವಾ ಕೇಳಿದಳು. ಹೌದು ಅಂದೆ. ನಾನು ಪಂಜದವಳೇ ಅಲ್ವಾ? ಸುಳ್ಳು ಹೇಳುದಾ?”

ಅಷ್ಟು ಹೊತ್ತಿಗೆ ಕಿಟಕಿಯ ಬದಿಯ ಮಂಚದ ಹತ್ತಿರದಿಂದ ಅಪೇಕ್ಷಾ ಎದ್ದು ಬಂದಳು. ಅವಳ ಅಜ್ಜಿ ಚೆನ್ನು ಕಾಲಿನ ಹುಣ್ಣಿಗೆಂದು ಹಿಂದಿನ ಸಂಜೆಯಷ್ಟೇ ಈ ವಾರ್ಡಿಗೆ ಬಂದಿದ್ದರು. ಶುಗರಿನ ಹುಣ್ಣು. ಅವರದೂ ಪಂಜ.

“ಅಕ್ಕಾ, ನಮ್ಮ ಅಜ್ಜಿಗೆ ಇವತ್ತು ಇನ್ಸುಲಿನ್ ಕೊಡ್ಲೇ ಇಲ್ಲ,” ಎಂದಳು. “ಕೇಳಿದ್ರೆ, ಪಂಜದಮ್ಮಂಗೆ ಕೊಟ್ಟಾಗಿದೆ ಅಂತಾರೆ. ನಾನು ಇಲ್ಲಿಂದ ಎದ್ದೇ ಇಲ್ಲ. ಅಜ್ಜಿ ನೀರು ನೀರು ಅಂತ ಇದ್ರು, ಈಗ ಬರೀ ನಿದ್ದೆ.”

ನಾನು ಹೋಗಿ ನೋಡಿದೆ. ಅದು ನಿದ್ದೆಯಲ್ಲ. ಬಾಯಿ ಒಣಗಿ ತುಟಿ ಸಿಪ್ಪೆ ಎದ್ದಿತ್ತು, ಉಸಿರು ಜೋರಾಗಿತ್ತು, ಕೂಗಿದರೆ ‘ಹಾಂ’ ಎನ್ನುವುದಕ್ಕೂ ತ್ರಾಣವಿರಲಿಲ್ಲ. ಇವರ ಮದ್ದು ನನ್ನ ಅತ್ತೆಯ ಹೊಟ್ಟೆಗೆ ಹೋಗಿದೆ. ಅತ್ತೆಗಾದರೂ ಬೊಬ್ಬೆ ಹಾಕುವ ಸೊಸೆಯಿದ್ದಳು. ಈ ಅಜ್ಜಿಯನ್ನು ಯಾರು ತಿರುಗಿ ನೋಡುತ್ತಾರೆ? ಕೊಟ್ಟಾಗಿದೆ ಎಂದ ಮೇಲೆ ಮುಗಿಯಿತಲ್ಲ.

ನರ್ಸುಗಳ ಮೇಜಿನ ಹತ್ತಿರ ಹೋಗಿ ಹೇಳಿದೆ. ಅಲ್ಲಿದ್ದ ಹುಡುಗಿ ಯಶಸ್ವಿಯ ಮುಖ ಬಿಳುಚಿತು. ಅವಳು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಉದಯಶಂಕರ ನನ್ನನ್ನು ಆಫೀಸಿಗೆ ಕರೆದರು. ಆಗಷ್ಟೇ ಊರಿನಿಂದ ಬಂದಿದ್ದ ಹರಿಪ್ರಸಾದರೂ ಹಿಂದೆಯೇ ಬಂದರು. ಗೋಡೆಯಲ್ಲಿ ಚಿನ್ನದ ಬಣ್ಣದ ಚೌಕಟ್ಟಿನೊಳಗೆ ದೊಡ್ಡದೊಂದು ಸರ್ಟಿಫಿಕೇಟ್ ಇತ್ತು. ಈ ಆಸ್ಪತ್ರೆಯ ಗುಣಮಟ್ಟ ಭಾರಿ ಒಳ್ಳೆಯದೆಂದು ಯಾರೋ ದೊಡ್ಡವರು ಬಂದು ನೋಡಿ ಕೊಟ್ಟದ್ದಂತೆ.

“ನಮ್ಮಲ್ಲಿ ಹಾಗೆಲ್ಲ ಆಗುದಿಲ್ಲ ಮೇಡಂ,” ಎಂದರು ಉದಯಶಂಕರ. “ಅದೂ ಅಲ್ದೆ, ಪೇಷಂಟೇ ಹೌದು ಅಂದಿದ್ದಾರಲ್ಲ.”

“ಹೋ! ಆಗುದೇ ಇಲ್ಲ ಅಂದ್ರೆ, ಅವರು ಹೌದು ಅಂದದ್ದು ನಿಮಗೆ ಹೇಗೆ ಗೊತ್ತಾಯ್ತು?”

ಅವರು ಎದ್ದು ಬಾಗಿಲು ಮುಚ್ಚಿದರು. ಮತ್ತೆ ಸ್ವರ ತಗ್ಗಿಸಿ, “ಅದನ್ನು ನಾವು ಒಳಗೊಳಗೇ ವಿಚಾರಿಸ್ತೇವೆ. ನಿಮ್ಮ ಅತ್ತೆ ಹುಷಾರಾದ್ರಲ್ಲ? ಸಮಾಧಾನ ಮಾಡ್ಕೊಳ್ಳಿ,” ಎಂದರು.

“ನನ್ನ ಅತ್ತೆಯ ವಿಷಯ ಆಮೇಲೆ. ಕಿಟಕಿ ಹತ್ರದ ಅಜ್ಜಿಯ ಶುಗರ್ ಈಗ, ಈ ಕ್ಷಣ ನೋಡಿಸಿ.”

“ಸಂಜೆ ದೊಡ್ಡ ಡಾಕ್ಟ್ರು ರೌಂಡ್ಸಿಗೆ ಬರ್ತಾರೆ. ಆಗ ನೋಡುವ.”

ಈಗ ನೋಡಿದರೆ ಯಾಕೆ ನೋಡಿದ್ದೆಂದು ಅಜ್ಜಿಯ ಮನೆಯವರು ಕೇಳುತ್ತಾರೆ. ಅದಕ್ಕೇ ಸಂಜೆಯವರೆಗೆ ಆ ಮುದುಕಿ ಹಾಗೇ ಬಿದ್ದಿರಬೇಕು. ಇಷ್ಟೇ ಲೆಕ್ಕಾಚಾರ. ಹರಿಪ್ರಸಾದರು ನನ್ನ ಸೆರಗು ಎಳೆದರು. “ಸಮಾಧಾನ ಮಾಡು ಮಾರಾಯ್ತಿ, ಬಿಡು. ನಾಳೆ ಎಂತಾದ್ರೂ ಆದ್ರೆ ಇವರ ಹತ್ರವೇ ಬರ್ಬೇಕು ನಾವು.”

“ನಾಳೆ ಬರ್ಲಿಕ್ಕೆ ನಿಮ್ಮ ಅಮ್ಮ ಉಳಿಯುದು ಬೇಡ್ವಾ?” ಎಂದು ಅವರ ಮೇಲೆಯೇ ಹರಿಹಾಯ್ದೆ. ಆಮೇಲೆ ಮ್ಯಾನೇಜರರ ಕಡೆ ತಿರುಗಿದೆ. “ಕೇಳಿ ಇಲ್ಲಿ. ನಾನು ಪಾರ್ಲರ್ ನಡೆಸುವವಳು. ಒಬ್ಬರ ಕೂದಲಿಗೆ ಬಣ್ಣ ಹಚ್ಚುವ ಮೊದಲು ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ, ತುರಿಸ್ತದಾ, ಉರಿತದಾ ಕೇಳ್ತೇನೆ. ಬರೀ ಕೂದಲಿಗೆ! ನೀವು ಹೊಟ್ಟೆಗೆ ಚುಚ್ಚುವಾಗ ಹೆಸರೂ ಕೇಳುದಿಲ್ಲ. ಅದಕ್ಕೆ ನಿಮಗೊಂದು ಸರ್ಟಿಫಿಕೇಟ್!”

ಮತ್ತೆ ಆ ಕೋಣೆಯಲ್ಲಿ ನಿಲ್ಲಲಿಲ್ಲ. ವಾರ್ಡಿನ ನಡುವೆ ಬಂದು ನಿಂತೆ. ಮದುವೆಯಾಗಿ ಬಂದ ಮೇಲೆ ಅತ್ತೆಯ ಹೆಸರನ್ನು ಅವರೆದುರು ನಾನು ಒಮ್ಮೆಯೂ ಹೇಳಿದವಳಲ್ಲ, ಯಾವ ಸೊಸೆ ಹೇಳುತ್ತಾಳೆ? ಆ ದಿನ ಗಂಟಲು ಹರಿಯುವ ಹಾಗೆ ಕೂಗಿದೆ.

“ಇವರ ಹೆಸರು ನೀಲಾವತಿ! ನೀಲಾವತಿ! ಅಲ್ಲಿ ಕಿಟಕಿ ಹತ್ರ ಇರುವವರು ಚೆನ್ನು! ಚೆನ್ನು ಅವರ ಇನ್ಸುಲಿನ್ ನೀಲಾವತಿಗೆ ಚುಚ್ಚಿದ್ದಾರೆ. ಅವರಿಗೆ ಕೊಡ್ಲೇ ಇಲ್ಲ. ಅಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿದ್ದಾರೆ, ಇಲ್ಲಿ ಯಾರಿಗೂ ಬೇಡ!”

ಅತ್ತೆ ಹಾಸಿಗೆಯಲ್ಲಿ ಎದ್ದು ಕೂತರು. ಕಡಬದಮ್ಮನ ಮಗ ಬಾಗಿಲಿಗೆ ಬಂದ. ಉದಯಶಂಕರ ಓಡಿ ಬಂದು, “ಬೇರೆ ಪೇಷಂಟಿನವರಿಗೆ ತೊಂದರೆ ಆಗ್ತದೆ ಮೇಡಂ, ಹೊರಗೆ ಮಾತಾಡುವ,” ಎಂದರು.

ಆಗ ಅವರ ಹಿಂದಿನಿಂದ ಯಶಸ್ವಿ ಮುಂದೆ ಬಂದಳು. “ಹೌದು, ನಾನೇ ಕೊಟ್ಟದ್ದು. ನನಗೆ ತಪ್ಪಿತು,” ಎಂದಳು.

“ಯಶಸ್ವಿ, ಒಳಗೆ ಹೋಗು,” ಎಂದರು ಉದಯಶಂಕರ.

ಅವಳು ಹೋಗಲಿಲ್ಲ. ಸೀದಾ ಕಿಟಕಿಯ ಬದಿಗೆ ಹೋಗಿ ಚೆನ್ನು ಅವರ ಬೆರಳು ಚುಚ್ಚಿದಳು. ಮಷೀನಿನಲ್ಲಿ ಅಂಕಿಯೇ ಬರಲಿಲ್ಲ. ಅಳೆಯಲಾಗದಷ್ಟು ಹೆಚ್ಚಿದ್ದರೆ ಹಾಗಂತೆ. ಅವಳು ಕೂಗಿದ ಕೂಗಿಗೆ ಕೌಶಲ್ ಮೆಟ್ಟಿಲು ಹಾರಿಕೊಂಡು ಬಂದ. ಮಂಚ ಸಮೇತ ಅಜ್ಜಿಯನ್ನು ಐಸಿಯುಗೆ ತಳ್ಳಿಕೊಂಡು ಹೋದರು. ಸಂಜೆಯವರೆಗೆ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಆಮೇಲೆ ಅವನೇ ಅಪೇಕ್ಷಾಳಿಗೆ ಹೇಳಿದನಂತೆ.

ಯಶಸ್ವಿ ಮೇಜಿನ ಹಿಂದೆ ನಿಂತು ಅಳುತ್ತಿದ್ದಳು. ನಾನು ಅವಳ ಕೆನ್ನೆಗೆ ಬಾರಿಸಬೇಕೆಂದೇ ಹೋದವಳು. “ಕೈಗೆ ಹೆಸರಿನ ಪಟ್ಟಿ ಕಟ್ಟುದಿಲ್ವಾ ನೀವು? ಬೇರೆ ಕಡೆ ಎಲ್ಲ ಕಟ್ತಾರೆ,” ಎಂದು ಗದರಿದೆ.

“ಸರ್ಟಿಫಿಕೇಟಿನವರು ನೋಡ್ಲಿಕ್ಕೆ ಬಂದಾಗ ಕಟ್ಟಿದ್ದು ಅಕ್ಕ. ಅದು ಮುಗಿದ ಮೇಲೆ ತರಿಸ್ಲೇ ಇಲ್ಲ. ಎಷ್ಟು ಸಲ ಕೇಳಿದೆ. ಎಲ್ಲ ನಮ್ಮ ಊರಿನವರೇ ಅಲ್ವಾ, ಗುರ್ತ ಸಿಗುದಿಲ್ವಾ ನಿಂಗೆ ಅಂತಾರೆ. ಎರಡು ವಾರ್ಡಿಗೆ ನಾನೊಬ್ಬಳೇ. ಎರಡನೇ ಪಂಜದವರು ಬಂದದ್ದು ನನಗೆ ಗೊತ್ತೇ ಇಲ್ಲ.”

ಬಾರಿಸಬೇಕಾದ ಕೆನ್ನೆ ಇದಲ್ಲ ಎಂದು ನನಗೆ ಗೊತ್ತಾಯಿತು. ನೀರಿನ ಬಾಟಲಿ ಕೊಟ್ಟು, ಕುಡಿ ಎಂದೆ.

ಮರುದಿನ ಬೆಳಗ್ಗೆ ಯಶಸ್ವಿ ಕಾಣಲಿಲ್ಲ. ಉದಯಶಂಕರ ತಾವೇ ವಾರ್ಡಿಗೆ ಬಂದು ಅತ್ತೆಗೆ ಕೈಮುಗಿದರು. ನನ್ನ ಕಡೆ ನೋಡಿ ನಗಾಡಿದರು.

“ತಪ್ಪು ಮಾಡಿದವಳನ್ನು ಕೆಲಸದಿಂದ ತೆಗೆದಿದ್ದೇವೆ ಮೇಡಂ. ಈಗ ಸಮಾಧಾನ ಆಯ್ತಲ್ಲ?”

ಆ ಇಡೀ ಕಟ್ಟಡದಲ್ಲಿ ಸತ್ಯ ಹೇಳಿದವಳು ಒಬ್ಬಳು. ಹುಡುಕಿ ಹುಡುಕಿ ಅವಳನ್ನೇ ತೆಗೆದಿದ್ದಾರೆ. ಇನ್ನು ಮುಂದೆ ಇಲ್ಲಿ ಯಾರ ಕೈ ತಪ್ಪಿದರೂ ಬಾಯಿ ಬಿಡುವವರು ಯಾರು?

“ತಪ್ಪು ಮಾಡಿದವಳನ್ನಲ್ಲ, ತಪ್ಪು ಹೇಳಿದವಳನ್ನು ತೆಗೆದದ್ದು ನೀವು,” ಎಂದೆ. “ಆ ಪಟ್ಟಿ ಎಲ್ಲಿ? ತರಿಸಿದ್ರಾ?”

“ಅದೆಲ್ಲ ಮಾಡುವ, ಮಾಡುವ.”

ಅಷ್ಟರಲ್ಲಿ ಒಬ್ಬಳು ಹೊಸ ಹುಡುಗಿ ಟ್ರೇ ಹಿಡಿದುಕೊಂಡು ಒಳಗೆ ಬಂದಳು. ನೋಡಿದರೆ ಅದೇ ದಿನ ಸೇರಿದವಳ ಹಾಗಿದ್ದಳು. ಟ್ರೇಯಲ್ಲಿ ಮದ್ದು ತುಂಬಿದ ಸೂಜಿಗಳು. ಸೀದಾ ನಮ್ಮ ಮಂಚದ ಹತ್ತಿರ ಬಂದು, ಬಹಳ ಮರ್ಯಾದೆಯಿಂದ ಬಗ್ಗಿದಳು.

“ಪಂಜದಮ್ಮ, ಕೈ ಕೊಡಿ.”

ಬಿಳಿ ಕೋಟು ಹಾಕಿದ ಯಾರಿಗೂ ಈವರೆಗೆ ಇಲ್ಲ ಎನ್ನದ ನನ್ನ ಅತ್ತೆ ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡರು.

“ಯಾವ ಪಂಜದಮ್ಮ?”

ಹುಡುಗಿ ಗಲಿಬಿಲಿಯಾಗಿ ಟ್ರೇ ನೋಡಿದಳು, ಮತ್ತೆ ಮ್ಯಾನೇಜರರ ಮುಖ ನೋಡಿದಳು. ಅವರು ನನ್ನ ಮುಖ ನೋಡಿದರು. ನಾನು ತುಟಿ ಬಿಗಿಹಿಡಿದು ನಿಂತೆ. ಹಿಂದಿನ ದಿನ ಅಷ್ಟು ಜನರ ನಡುವೆ ನಾನು ಗಂಟಲು ಹರಿದು ಕೂಗಿದ ಹೆಸರು ಅವರಿಗೆ ನೆನಪಿರಲಿಲ್ಲ.