ಕಾಲರಾ ಅಲ್ಲ

ಗಾಜಿನ ಪಟ್ಟಿಯ ಮೇಲಿನ ಹನಿ ಮೂರನೆಯ ಸಲವೂ ಕಾಳುಗಟ್ಟಲಿಲ್ಲ. ಪ್ರಯೋಗಾಲಯದ ಹಿರಿಯ ತಂತ್ರಜ್ಞ ಅದನ್ನು ದೀಪದ ಕೆಳಗೆ ಹಿಡಿದು ಅತ್ತಿತ್ತ ಓಲಾಡಿಸಿದ. ಕಾಲರಾದ ರೋಗಾಣುವಾಗಿದ್ದರೆ ಅದನ್ನು ಗುರುತಿಸುವ ಸೀರಂ ತಾಗಿದ ಕೂಡಲೇ ಒಡೆದ ಹಾಲಿನಂತಾಗಬೇಕಿತ್ತು. ಇದು ತೆಳ್ಳಗೆ, ಬಿಳಿಚಿಕೊಂಡು ಹಾಗೆಯೇ ಉಳಿದಿತ್ತು.

ಅಳಿವೆಯ ದಡದ ಚಿಪ್ಪುಮೀನಿನ ಶೆಡ್ಡಿನ ಏಳು ಹೆಂಗಸರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದರು. ಶೆಡ್ಡಿಗೆ ಬೀಗ ಬಿದ್ದು ನಾಲ್ಕು ದಿನವಾಗಿತ್ತು. ಅವರ ಮಲದಲ್ಲೂ ಚಿಪ್ಪು ತೊಳೆಯುವ ತೊಟ್ಟಿಯ ನೀರಿನಲ್ಲೂ ಸಿಕ್ಕಿದ್ದು ಒಂದೇ ಜೀವಿ, ಕಾಲರಾದ ದಾಯಾದಿ. ಉಪ್ಪುನೀರು ಸೇರುವ ಕಡೆಯೆಲ್ಲ ಇರುವಂಥದ್ದು. ಅದರ ಪಾಡಿಗೆ ಅದಿರುತ್ತದೆ ಎಂದೇ ಅವನು ಓದಿದ ಕಾಲದಲ್ಲಿ ಕಲಿಸಿದ್ದರು.

ಮೇಲಿನ ಮಹಡಿಯಲ್ಲಿ ಜೀನ್ ಪರೀಕ್ಷೆ ಮಾಡುವ ಸಂಶೋಧಕಿ ಮಧ್ಯಾಹ್ನ ಒಂದು ಹಾಳೆ ಹಿಡಿದು ತಾನೇ ಇಳಿದು ಬಂದಳು. ಕಾಲರಾದ ವಿಷ ತಯಾರಿಸುವ ಜೀನ್ ಇದರಲ್ಲಿಲ್ಲ ಎಂದಳು. ಆದರೆ ಬೇರೊಂದು ವಿಷದ ಜೀನ್ ಇದೆ, ಕರುಳಿನ ಜೀವಕೋಶಕ್ಕೆ ಸೂಜಿಯಂತೆ ಚುಚ್ಚುವ ಸಲಕರಣೆಯದೂ ಇದೆ; ಏಳು ಜನರದ್ದರಲ್ಲೂ, ತೊಟ್ಟಿಯದ್ದರಲ್ಲೂ.

"ಮನೆತನದ ಹೆಸರಿಲ್ಲದಿದ್ರೆ ಏನಾಯ್ತು ಸಾರ್? ಕೈಯಲ್ಲಿ ಕತ್ತಿ ಇದೆಯಲ್ಲ."

ಅವನು ಆ ಹಾಳೆಯನ್ನು ನಿರ್ದೇಶಕಿಯ ಮೇಜಿನ ಮೇಲಿಟ್ಟ. ಆಕೆ ಎರಡು ಸಲ ಓದಿದರು. ಆಕೆಗೆ ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ. ಶೆಡ್ಡಿನ ಬೀಗ ತೆಗೆಯಬಹುದೇ ಎಂದು ಬೆಳಗಿನಿಂದ ಮೇಲಿನವರ ಫೋನು ಬಿಟ್ಟೂಬಿಡದೆ ಬರುತ್ತಿತ್ತು. ವರದಿಯ ಫಾರಂ ಎಳೆದು ಅವನ ಮುಂದಿಟ್ಟರು. ಅದರಲ್ಲಿ ಇದ್ದದ್ದು ಎರಡೇ ಚೌಕ: ಕಾಲರಾ ಹೌದು, ಕಾಲರಾ ಅಲ್ಲ.

"ಅವರು ಕೇಳಿರೋದು ಇಷ್ಟೇ. ಕೇಳಿದ್ದಕ್ಕೆ ಉತ್ತರ ಬರೀರಿ."

ನಿವೃತ್ತಿಗೆ ಅವನಿಗೆ ಇನ್ನೆರಡು ವರ್ಷವಿತ್ತು. ಎರಡನೆಯ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಿದ. ಜೀನ್‌ಗಳ ಹಾಳೆ ಅವನ ಡ್ರಾಯರು ಸೇರಿತು.

ಸಂಜೆ ತಂಗಿಯ ಫೋನು ಬಂತು. ಒಂಬತ್ತು ವರ್ಷದಿಂದ ಅವಳು ಅದೇ ಶೆಡ್ಡಿನಲ್ಲಿ ಚಿಪ್ಪು ಬಿಡಿಸುತ್ತಿದ್ದಳು. ಎರಡು ಸಲ ಕಾಮಾಲೆಯಾಗಿ ಅವಳ ಲಿವರ್ ಸೋತಿತ್ತು. ನಾಳೆ ಬಾಗಿಲು ತೆಗೀತಾರಂತೆ, ಕೆಲಸಕ್ಕೆ ಹೋಗಲಾ ಎಂದು ಕೇಳಿದಳು. ಹಾಳೆಯ ವಿಷಯ ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವಳ ಬಾಯಲ್ಲಿ ಮಾತು ನಿಲ್ಲದು. ಬೆಳಗಾಗುವುದರೊಳಗೆ ಇಡೀ ಶೆಡ್ಡಿಗೆ ಗೊತ್ತಾಗುತ್ತದೆ, ಯಾರು ಹೇಳಿದ್ದೆಂದೂ ಗೊತ್ತಾಗುತ್ತದೆ.

"ಕಾಲರಾ ಅಲ್ಲ ಕಣೇ," ಅಂದ. "ಹೋಗು."

ಹನ್ನೊಂದನೆಯ ದಿನ ಅವಳಿಗೆ ಮೈ ನಡುಗುವ ಜ್ವರ ಬಂತು. ಕಾಲಿನ ಮೇಲೆ ಕಪ್ಪಗಿನ ಗುಳ್ಳೆಗಳೆದ್ದವು. ಅವಳ ರಕ್ತದ ಸೀಸೆಯನ್ನು ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಅವನೇ ಹೊತ್ತುಕೊಂಡು ಬಂದ. ರೋಗಾಣು ಬೆಳೆಸುವ ಹಸಿರು ತಟ್ಟೆಯಲ್ಲಿ ಅದೇ ಜೀವಿಯ ಹಳದಿ ಚುಕ್ಕೆಗಳು ಮೂಡುವಷ್ಟರಲ್ಲಿ ತಂಗಿ ಹೋಗಿಬಿಟ್ಟಿದ್ದಳು. ಅವನು ಆದರೂ ಸೀರಂ ಹಾಕಿ ನೋಡಿದ. ಹನಿ ಈ ಸಲವೂ ಕಾಳುಗಟ್ಟಲಿಲ್ಲ.

ನಿರ್ದೇಶಕಿ ಮನೆಗೆ ಬಂದು ಸಮಾಧಾನ ಹೇಳಿದರು. ಹೊರಡುವಾಗ ಅವನನ್ನು ಪಕ್ಕಕ್ಕೆ ಕರೆದು, ನೀವು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಅದು ನಿಜವೇ ಆಗಿತ್ತು. ತಂಗಿಯ ಗಂಡ ಬಾಗಿಲಿಗೆ ಒರಗಿ ನಿಂತಿದ್ದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಅಣ್ಣನೇ ಹೇಳಿದಾನೆ ಅಂತ ಧೈರ್ಯವಾಗಿ ಹೋದ್ಲು, ಭಾವ."

ಹದಿನೈದು ದಿನ ಬಿಟ್ಟು ತಂತ್ರಜ್ಞ ಡ್ರಾಯರಿನ ಹಾಳೆ ತೆಗೆದುಕೊಂಡು ಶೆಡ್ಡಿಗೆ ಹೋದ. ತೊಟ್ಟಿಯ ಸುತ್ತ ಕೂತ ಹೆಂಗಸರಿಗೆ ಎಲ್ಲವನ್ನೂ ಹೇಳಿದ: ನೀರಿನಲ್ಲಿ ಏನಿದೆ, ಅದು ಗಾಯದಿಂದ ರಕ್ತಕ್ಕೆ ಇಳಿದರೆ ಏನಾಗುತ್ತದೆ, ಕೈಗವಸು ಕೇಳಿ ಹಾಕಿಕೊಳ್ಳಿ, ಲಿವರ್ ಕೆಟ್ಟವರು ಬರಲೇಬೇಡಿ. ಅವರು ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು. ಮೇಲ್ವಿಚಾರಣೆಯ ಮುದುಕಿ ಸೆರಗಿಗೆ ಕೈ ಒರೆಸಿಕೊಂಡು ಗೋಡೆಯ ಕಡೆ ತೋರಿಸಿದಳು. ಅವನ ವರದಿಗೆ ಪ್ಲಾಸ್ಟಿಕ್ಕು ಹೊದಿಸಿ ತೂಗುಹಾಕಿದ್ದರು.

"ಅದ್ರಲ್ಲಿರೋದು ನಿಮ್ದೇ ಸಹಿ ಅಂತಾರೆ. ಯಾವುದನ್ನ ನಂಬೋಣ ಹೇಳಿ."

ಇದನ್ನ, ಎಂದು ಅವನು ಹಾಳೆ ಚಾಚಿದ. ಎಲ್ಲರ ಕೈಯೂ ಒದ್ದೆಯಾಗಿತ್ತು, ಯಾರೂ ತೆಗೆದುಕೊಳ್ಳಲಿಲ್ಲ.

ತಂಗಿ ಕೂರುತ್ತಿದ್ದ ಮಣೆಯ ಮೇಲೆ ಹೊಸಬಳೊಬ್ಬಳಿದ್ದಳು. ಇನ್ನೂ ಕೈ ಪಳಗಿರಲಿಲ್ಲ. ಕತ್ತಿ ಜಾರಿ ಚಿಪ್ಪಿನ ಅಂಚು ಹೆಬ್ಬೆರಳನ್ನು ಕೊಯ್ದಿತು. ಅವಳು ತಲೆಯೆತ್ತದೆ ಬೆರಳನ್ನು ತೊಟ್ಟಿಯಲ್ಲಿ ಅದ್ದಿದಳು. ನೀರು ಒಂದು ಗಳಿಗೆ ಕೆಂಪಾಗಿ ಮತ್ತೆ ತಿಳಿಯಾಯಿತು. ಕೈ ಕೊಡವಿ ಅವಳು ಇನ್ನೊಂದು ಚಿಪ್ಪನ್ನು ಎತ್ತಿಕೊಂಡಳು.