ಪುನೀತನಿಗೊಂದು ಎಲೆ

ಕಿರುಗಾವಲಿನ ಬಸ್ ಸ್ಟಾಪಿನಲ್ಲಿ ಪಟ್ಟಲಮ್ಮನನ್ನು ಕಂಡವರು ಎಲ್ಲಿಗೆ ಹೊರಟೆ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳಲ್ಲ ಎಂಬ ಅಂಜಿಕೆ. ಅವಳು ಮಗನನ್ನು ಹುಡುಕಲು ಹೊರಟಿರುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಊರಿನ ಉಳಿದವರು ದೇವಸ್ಥಾನಗಳನ್ನು ಸುತ್ತಿ ಬಂದರು, ಮರೆತೇ ಹೋಗಿದ್ದ ನೆಂಟರ ಮನೆಗಳನ್ನು ಹುಡುಕಿಕೊಂಡು ಹೋಗಿ ಉಂಡು ಬಂದರು. ಪಟ್ಟಲಮ್ಮ ಸುತ್ತಿದ್ದು ನಾಲೆಯ ಗೇಟುಗಳನ್ನು, ಮಂಡ್ಯದ ಶವಾಗಾರವನ್ನು, ಹನಕೆರೆಯ ರೈಲ್ವೆ ಸ್ಟೇಷನ್ನನ್ನು. ಒಂದು ದಿನ ಮಳವಳ್ಳಿ ಕಡೆ, ಇನ್ನೊಂದು ದಿನ ಮದ್ದೂರಿನ ಕಡೆ. ಆಧಾರ್ ಕಾರ್ಡಿನ ಬೆನ್ನಿಗೇ ಮಗನ ಫೋಟೊ ಇಟ್ಟುಕೊಂಡಿದ್ದಳು. ಕಂಡಕ್ಟರು ಕಾರ್ಡು ಕೇಳಿದರೆ ಎರಡನ್ನೂ ತೋರಿಸುತ್ತಿದ್ದಳು.

ಮಗ ಪುನೀತ ಊರಿನಲ್ಲೇ ಹಮೀದನ ಗ್ಯಾರೇಜಿನಲ್ಲಿ ಬೈಕು ರಿಪೇರಿ ಮಾಡುತ್ತಿದ್ದ. ಅಪ್ಪ ಲಿಂಗಯ್ಯ ಹುಡುಗ ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯಲ್ಲಿ ಇದ್ದವರು ತಾಯಿ, ಮಗ ಇಬ್ಬರೇ. ನಾಲೆ ತುಂಬಿ ಹರಿಯುತ್ತಿದ್ದ ಕಾಲದಲ್ಲಿ ಒಂದು ಸಂಜೆ ಗ್ಯಾರೇಜಿನಿಂದ ಹೊರಟವನು ಮನೆ ಸೇರಲಿಲ್ಲ. ಬೆಳಗಾದ ಮೇಲೆ ನಾಲೆ ಏರಿಯ ಮೇಲೆ ಅವನ ಬೈಕು ಕಂಡಿತು, ಪಕ್ಕದಲ್ಲಿ ಜೋಡಿಸಿಟ್ಟ ಚಪ್ಪಲಿ. ಕೈಗಂಟಿದ ಗ್ರೀಸು ತೊಳೆಯಲು ಇಳಿದು ಜಾರಿದನೋ, ಬೇಕೆಂದೇ ಇಳಿದನೋ, ಹೇಳುವವರಿಲ್ಲ. ಫೈರ್ ಎಂಜಿನ್ನಿನವರು ಹುಡುಕಿದರು, ಈಜು ಬಲ್ಲವರು ಮುಳುಗಿ ನೋಡಿದರು, ಕಡೆಗೆ ಎಲ್ಲರೂ ಕೈಚೆಲ್ಲಿದರು. ಹೆಣ ಸಿಗಲಿಲ್ಲ. ಊರು ಅವನು ಸತ್ತನೆಂದು ಒಪ್ಪಿಕೊಂಡಿತು. ಊರಿಗೇನು, ಹೆತ್ತದ್ದು ಅದಲ್ಲವಲ್ಲ.

ಶೋಭಿತಾ ಆ ಊರಿನ ಆಶಾ ಕಾರ್ಯಕರ್ತೆ. ಹಿಡಿದ ಕೆಲಸವನ್ನು ಮುಗಿಸದೆ ಬಿಡುವ ಜಾಯಮಾನ ಅವಳದಲ್ಲ. ಸೂಜಿಗೆ ಹೆದರಿ ಕೂಸನ್ನು ಅಟ್ಟದ ಮೇಲೆ ಬಚ್ಚಿಟ್ಟ ಬಾಣಂತಿಯರನ್ನೂ ಪಳಗಿಸಿದವಳು. ದುಃಖದಲ್ಲಿರುವವರ ಮನಸ್ಸನ್ನು ನೋಡಿಕೊಳ್ಳುವುದು ಹೇಗೆಂದು ಮಂಡ್ಯದಲ್ಲಿ ತರಬೇತಿ ಕೊಟ್ಟಾಗ ಅವಳು ಮುಂದಿನ ಸಾಲಿನಲ್ಲಿ ಕೂತು ಕೇಳಿ ಬಂದಿದ್ದಳು. ಪಟ್ಟಲಮ್ಮನ ವಿಷಯವನ್ನು ಮಳವಳ್ಳಿ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಮನಸ್ಸಿನ ಡಾಕ್ಟರು ಆಮ್ನಾ ಅವರಿಗೆ ಹೇಳಿದಳು. ಡಾಕ್ಟರು ಹೇಳಿದ್ದು ಇಷ್ಟೇ: ಹೋಗಿ ಜೊತೆಯಲ್ಲಿ ಕೂತುಕೊಳ್ಳಿ, ಅವರು ಹೇಳಿದ್ದನ್ನು ಕೇಳಿ, ಮಗ ಸತ್ತನೆಂದು ಒಪ್ಪಿಸಲು ಹೋಗಬೇಡಿ, ಅದು ಅವರಾಗಿಯೇ ತಲುಪಬೇಕಾದ ಜಾಗ.

ಸುಮ್ಮನೆ ಕೂರುವುದೂ ಒಂದು ಕೆಲಸವೇ ಎಂದು ಶೋಭಿತಾಳಿಗೆ ಅನ್ನಿಸಲಿಲ್ಲ. ಆದರೂ ಹೋಗಿ ಕೂತಳು. ಪಟ್ಟಲಮ್ಮ ಬಸ್ಸಿಳಿದು ಬಂದು ಕಾಲು ತೊಳೆದು ಒಲೆ ಹಚ್ಚುವ ಹೊತ್ತಿಗೆ ಇವಳು ಒಲೆಯ ಮುಂದೆ ಕೂತಿರುತ್ತಿದ್ದಳು. ಒಂದು ದಿನ ಪಟ್ಟಲಮ್ಮ ಮೊಟ್ಟೆ ಬೇಯಿಸಿ ಕೊಟ್ಟಾಗ ಶೋಭಿತಾ ಸೆರಗನ್ನು ಮೂಗಿಗೆ ಒತ್ತಿಕೊಂಡು, ಬೇಡ ಅತ್ತೆ, ಇದರ ವಾಸನೆಗೇ ನನಗೆ ಹೊಟ್ಟೆ ತೊಳೆಸುತ್ತದೆ ಎಂದಳು. ಪಟ್ಟಲಮ್ಮ ನಕ್ಕಳು. ಆಮೇಲೆ ಯಾರಿಗೂ ಹೇಳದಿದ್ದ ಒಂದು ಮಾತನ್ನು ಹೇಳಿದಳು. ಪುನೀತ ಮೊಟ್ಟೆ ತಿಂದರೆ ಬಿಳಿಯದನ್ನು ಮಾತ್ರ ತಿಂದು, ಹಳದಿಯನ್ನು ಒಡೆಯದೆ ಗುಂಡಗೆ ತೆಗೆದು ತಟ್ಟೆಯ ಅಂಚಿನಲ್ಲಿ ಇಡುತ್ತಿದ್ದನಂತೆ. ಹಳದಿ ಅವ್ವನಿಗೆ. ಅವಳಿಗೆ ಇಷ್ಟವೆಂದು ಚಿಕ್ಕಂದಿನಲ್ಲಿ ಯಾವಾಗಲೋ ಗೊತ್ತುಮಾಡಿಕೊಂಡವನು ಮೀಸೆ ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಶೋಭಿತಾಳ ಕಣ್ಣಲ್ಲಿ ನೀರಿತ್ತು.

ಪಿತೃಪಕ್ಷ ಬಂತು. ಆ ಕಡೆ ಪಕ್ಷವೆಂದರೆ ಸತ್ತವರು ಮನೆಗೆ ಊಟಕ್ಕೆ ಬರುವ ಹಬ್ಬ. ನಡುಮನೆಯಲ್ಲಿ ಬಾಳೆ ಎಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಒಳಗೆ ಅವರು ಉಣ್ಣುವಷ್ಟು ಹೊತ್ತು ಜಗಲಿಯಲ್ಲಿ ಮಾತಿಲ್ಲದೆ ಕಾಯುತ್ತಾರೆ. ಆಮೇಲೆ ಬಾಗಿಲು ತಟ್ಟಿ ತೆಗೆದು, ಮುದ್ದೆ ಕುಸಿದಿದೆಯೇ, ಹೂವು ಜಾರಿದೆಯೇ ಎಂದು ನೋಡುತ್ತಾರೆ. ನೋಡಬೇಕೆಂದು ನೋಡುವವರಿಗೆ ಏನಾದರೊಂದು ಕಂಡೇ ಕಾಣುತ್ತದೆ.

ಲಿಂಗಯ್ಯನ ಅಣ್ಣ ಕೆಂಪಸಿದ್ದಯ್ಯ ಬಂದು, ಈ ಸಲ ಎರಡು ಎಲೆ ಹಾಕಬೇಕು, ತಮ್ಮನಿಗೊಂದು, ಅವನ ಮಗನಿಗೊಂದು ಎಂದರು. ಹಸಿದ ಜೀವವನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡರೆ ಮನೆಗೆ ಒಳ್ಳೆಯದಲ್ಲ ಎಂಬುದು ಅವರ ಮಾತು.

"ಉಸ್ರಾಡೋ ಮಗುಂಗೆ ಎಡೆ ಇಕ್ಕು ಅಂತೀರಲ್ಲ ಭಾವ," ಎಂದಳು ಪಟ್ಟಲಮ್ಮ. "ಎಲೆ ಆಕುದ್ ಗಳಿಗೇಲೇ ನಾನೇ ಅವನ್ನ ಕೊಂದಂಗಾಯ್ತದೆ."

ಕೆಂಪಸಿದ್ದಯ್ಯ ಶೋಭಿತಾಳ ಬೆನ್ನುಹತ್ತಿದರು, ನಿನ್ನ ಮಾತಾದರೆ ಕೇಳುತ್ತಾಳೆ ಎಂದರು. ಹಾಗೆ ಉಬ್ಬಿಸಿದರೆ ಉಬ್ಬದವರು ಯಾರು? ಗ್ಯಾರೇಜಿನ ಮುಂದೆ ಸಿಕ್ಕ ಹಮೀದನಿಗೂ ಅವಳು ವಿಷಯ ಹೇಳಿದಳು. ನಾಲೆಯ ದೂರದ ಗೇಟುಗಳಿಗೆ ಪಟ್ಟಲಮ್ಮನನ್ನು ಎಷ್ಟೋ ಸಲ ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದವನು ಅವನು. ಸ್ಪಾನರು ಕೆಳಗಿಟ್ಟು ಹೇಳಿದ: "ತಿರುಗ್ಲಿ ಬುಡಿ ಶೋಭಿತಮ್ಮ. ಬೆಳಿಗ್ಗೆ ಎದ್ದು ತಲೆ ಬಾಚ್ಕೊಳ್ಳಕ್ಕೆ ಅವ್ರಿಗೆ ಇರೋದು ಅದೊಂದೇಯ."

ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಟ್ಟಲಮ್ಮನ ಮನೆಗೆ ಹೋಗಿ ಬಗೆಬಗೆಯಾಗಿ ಹೇಳಿದಳು. ಏನು ಹೇಳಿದರೂ ಅವಳು ಜಗ್ಗದಿದ್ದಾಗ ಸೋಲಲಾರದೆ ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು: "ಒಂದ್ಸಲ ಇಟ್ಟು ನೋಡಿ ಅತ್ತೆ. ಬಂದು ಉಂಡ್ರೆ ಓಗವ್ನೆ ಅಂತ. ಮುಟ್ದೇ ಇದ್ರೆ ಎಲ್ಲೋ ಅವ್ನೆ ಅಂತ."

ಪಟ್ಟಲಮ್ಮ ಆಗಲಿ ಎಂದಳು. ಅವಳ ಮುಖ ಅಷ್ಟು ಹಗುರವಾದದ್ದನ್ನು ಶೋಭಿತಾ ಅದುವರೆಗೆ ಕಂಡಿರಲಿಲ್ಲ.

ಹಬ್ಬದ ದಿನ ಎರಡು ಎಲೆ ಬಿದ್ದವು. ಲಿಂಗಯ್ಯನ ಎಲೆಯಲ್ಲಿ ಮುದ್ದೆ, ಮಾಂಸದ ಸಾರು, ಒಂದು ಕಟ್ಟು ಬೀಡಿ. ಪುನೀತನ ಎಲೆಯಲ್ಲಿ ವಡೆ, ಕಜ್ಜಾಯ, ಸುಲಿದ ಒಂದು ಇಡೀ ಮೊಟ್ಟೆ, ಪಕ್ಕದಲ್ಲಿ ಹೊಸ ಶರಟು. ಪಟ್ಟಲಮ್ಮ ಬಡಿಸಿದ ರೀತಿ ನೋಡಿಯೇ ಶೋಭಿತಾಳಿಗೆ ದಿಗಿಲಾಯಿತು. ಎಡೆಯನ್ನು ಮಗ ಮುಟ್ಟುವುದಿಲ್ಲ ಎಂದು ಖಂಡಿತವಾಗಿ ನಂಬಿದವಳ ಹಾಗೆ ಬಡಿಸುತ್ತಿದ್ದಳು. ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಯಲ್ಲಿ ಕೂತರು.

ಆಗ ಶೋಭಿತಾಳಿಗೆ ತಾನು ಮಾಡಿದ ಎಡವಟ್ಟು ಪೂರ್ತಿ ಅರ್ಥವಾಯಿತು. ಸತ್ತವನು ಬಂದು ಉಣ್ಣುವುದುಂಟೇ? ಎಡೆ ಹಾಗೇ ಇರುತ್ತದೆ. ಬೇರೆ ಯಾವ ಮನೆಯಲ್ಲಾದರೂ ಮುದ್ದೆ ವಾಲಿತು ಎಂದು ಯಾರೋ ಹೇಳಿ ಎಲ್ಲರೂ ಹೌದೆನ್ನುತ್ತಿದ್ದರು. ಪಟ್ಟಲಮ್ಮ ಹಾಗೆ ಅನ್ನುವವಳಲ್ಲ. ಮಗ ಬದುಕಿದ್ದಾನೆಂಬ ರುಜುವಾತು ಅವಳ ಕೈಗೆ ಸಿಗುತ್ತದೆ, ಅದನ್ನು ಹಿಡಿದುಕೊಂಡು ಸಾಯುವ ತನಕ ಬಸ್ಸು ಹತ್ತುತ್ತಾಳೆ, ಅದನ್ನು ಕೊಟ್ಟವಳು ತಾನು. ಶೋಭಿತಾ ಹಿತ್ತಲಿಗೆ ಹೋಗಿ ಬರುತ್ತೇನೆಂದು ಎದ್ದಳು.

ಹಿತ್ತಲ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಅಡುಗೆಮನೆ ದಾಟಿ ನಡುಮನೆಗೆ ಬಂದಳು. ಧೂಪದ ಹೊಗೆ ಇನ್ನೂ ಇತ್ತು. ಎಡೆ ಇಟ್ಟ ಮನೆಯೊಳಗೆ ಕಾಲಿಡಬಾರದೆಂದು ಅವಳೂ ಹುಟ್ಟಿದಾಗಿನಿಂದ ಕೇಳಿಕೊಂಡೇ ಬೆಳೆದವಳು. ಉಸಿರು ಕಟ್ಟಿ ಮೊಟ್ಟೆಯನ್ನು ಎತ್ತಿಕೊಂಡು ಬಿಳಿಯದನ್ನು ಕಚ್ಚಿ ಕಚ್ಚಿ ನುಂಗಿದಳು. ಹಳದಿಯನ್ನು ಒಡೆಯದೆ ಗುಂಡಗೆ ಎಲೆಯ ಅಂಚಿನಲ್ಲಿ ಇಟ್ಟಳು. ಹಿತ್ತಲಿಗೆ ಬಂದು ಬಾಯಿ ಮುಕ್ಕಳಿಸಿ, ಸೆರಗು ಸರಿಮಾಡಿಕೊಂಡು, ಏನೂ ಆಗದವಳಂತೆ ಜಗಲಿಗೆ ಬಂದು ಕೂತಳು.

ಕೆಂಪಸಿದ್ದಯ್ಯ ಬಾಗಿಲು ತಟ್ಟಿ ತೆಗೆದರು. ಮೊದಲು ಒಳಗೆ ಹೋದವಳು ಪಟ್ಟಲಮ್ಮ. ಅವಳು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಎಲೆಯ ಮುಂದೆ ಕೂತು ಹಳದಿಯನ್ನು ನೋಡಿದಳು, ಎತ್ತಿ ಬಾಯಿಗೆ ಹಾಕಿಕೊಂಡಳು, ನಿಧಾನವಾಗಿ ತಿಂದಳು. ತಿಂದಾದ ಮೇಲೆ ಹೊಸ ಶರಟನ್ನು ಮಡಿಲಲ್ಲಿ ಇಟ್ಟುಕೊಂಡು, "ಬಂದಿದ್ದ," ಎಂದಳು.

ಊರು ಶೋಭಿತಾಳನ್ನು ಹೊಗಳಿದ್ದೇ ಹೊಗಳಿದ್ದು. ಯಾರಿಂದಲೂ ಆಗದ್ದನ್ನು ಹುಡುಗಿ ಮಾಡಿ ತೋರಿಸಿದಳು ಎಂದರು. ಕೆಂಪಸಿದ್ದಯ್ಯ ಮುಂದೆ ನಿಂತು ತಿಥಿ ಮಾಡಿಸಿದರು. ಬಸ್ಸಿನಲ್ಲಿ ಊರೂರು ತಿರುಗಿದ ಫೋಟೊ ದೊಡ್ಡದಾಗಿ ಗೋಡೆಗೆ ಬಂತು, ಅದಕ್ಕೆ ಹಾರ ಬಿತ್ತು. ಪಟ್ಟಲಮ್ಮ ಅದರ ಕೆಳಗೆ ಚಾಪೆ ಹಾಸಿಕೊಂಡು ಮಲಗಿದಳು.

ಮಲಗಿದವಳು ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ. ಒಲೆ ಹಚ್ಚುವುದು ಬಿಟ್ಟಳು, ತಲೆ ಬಾಚುವುದು ಬಿಟ್ಟಳು. ಅಕ್ಕಪಕ್ಕದವರು ತಂದಿಟ್ಟ ಅನ್ನ ಹಾಗೇ ಹಳಸಿತು. ಹಮೀದ ಬಂದು ಮಾತಾಡಿಸಿದ. ನಾಲೆಯ ಗೇಟು ಕಾಯುವವನು, ಆ ಅಮ್ಮ ಯಾಕೆ ಈಚೆಗೆ ಬರುತ್ತಿಲ್ಲ ಎಂದು ಯಾರ ಕೈಲೋ ಕೇಳಿಸಿದ. ಅವಳಿಗೆ ಅದಾವುದೂ ಬೇಕಿರಲಿಲ್ಲ. ಹುಡುಕುವವರೆಗೆ ಅವಳಿಗೆ ಮಗನಿದ್ದ, ಅದಕ್ಕೇ ಜೀವ ಹಿಡಿದುಕೊಂಡಿದ್ದಳು. ಶೋಭಿತಾ ಆ ಮಗನನ್ನು ತನ್ನ ಕೈಯಾರೆ ಕಿತ್ತುಕೊಂಡಿದ್ದಳು. ಅದು ಅವಳಿಗೆ ಗೊತ್ತಿತ್ತು, ಅವಳೊಬ್ಬಳಿಗೇ ಗೊತ್ತಿತ್ತು.

ತಡೆಯಲಾಗದೆ ಮಳವಳ್ಳಿಗೆ ಹೋಗಿ ಡಾಕ್ಟರು ಆಮ್ನಾ ಅವರ ಮುಂದೆ ಎಲ್ಲವನ್ನೂ ಹೇಳಿ ಅತ್ತಳು. ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಬಂದು ನೋಡುತ್ತೇನೆ, ಮಾತ್ರೆಯನ್ನೂ ಕೊಡುತ್ತೇನೆ, ಆದರೆ ನಿಜವನ್ನು ನೀವೇ ಹೇಳಬೇಕು ಎಂದರು. ಹೇಳಿದರೆ ಎದ್ದು ಕೂರುತ್ತಾರಾ ಎಂದು ಇವಳು ಕೇಳಿದಳು. ಅದು ತನಗೆ ಗೊತ್ತಿಲ್ಲ ಎಂದರು ಡಾಕ್ಟರು.

ಅವತ್ತೇ ಬಸ್ಸಿಳಿದು ಸೀದಾ ಪಟ್ಟಲಮ್ಮನ ಮನೆಗೆ ಹೋದಳು. ಚಾಪೆಯ ಪಕ್ಕ ಕೂತು, ಒಂದೇ ಉಸಿರಿಗೆ, "ಅತ್ತೆ, ಅವತ್ತು ಪುನೀತ ಬರ್ಲಿಲ್ಲ. ಇಂದ್ಗಡೆ ಬಾಗ್ಲಿಂದ ಬಂದು ಮೊಟ್ಟೆ ತಿಂದಿದ್ದು ನಾನು," ಎಂದಳು.

ಪಟ್ಟಲಮ್ಮ ಕಣ್ಣು ಬಿಟ್ಟಳು. ಗೋಡೆ ಹಿಡಿದು ನಿಧಾನವಾಗಿ ಎದ್ದು ಕೂತಳು. ಕೆನ್ನೆಗೆ ಹೊಡೆಯಲಿ, ಕೂದಲು ಹಿಡಿದು ಬೀದಿಗೆ ಎಳೆಯಲಿ ಎಂದು ಶೋಭಿತಾ ತಲೆ ತಗ್ಗಿಸಿದಳು. ಪಟ್ಟಲಮ್ಮ ಆ ತಲೆಯ ಮೇಲೆ ಕೈಯಿಟ್ಟಳು.

"ವಾಸ್ನೆಗೇ ವಾಂತಿ ಬತ್ತದೆ ಅಂತಿದ್ದೋಳು ನೀನು," ಎಂದಳು. "ಇನ್ನೊಬ್ರ ಎಡೆಗೆ ಬಾಯಾಕೋ ಎಣ್ಣಾ ನೀನು? ಅವ್ನೇ ನಿನ್ ಮೈಮ್ಯಾಲೆ ಬಂದು ತಿಂದವ್ನೆ ಕಣವ್ವ. ನಿಂಗೆ ತಿಳೀದಂಗೆ, ಅಷ್ಟೇಯ."

ಇಲ್ಲ ಅತ್ತೆ, ಹಳದಿಯ ವಿಷಯ ನೀವೇ ನನಗೆ ಹೇಳಿದ್ದಿರಿ, ಅದಕ್ಕೇ ಹಾಗೆ ಇಟ್ಟೆ ಎಂದು ಶೋಭಿತಾ ಬಿಡಿಸಿ ಬಿಡಿಸಿ ಹೇಳಿದಳು. ಆಣೆ ಮಾಡಿದಳು. ಪಟ್ಟಲಮ್ಮ ಕೇಳುತ್ತಲೇ ಇದ್ದಳು. ಹೇಳಿದಷ್ಟೂ ಅವಳ ನಂಬಿಕೆ ಗಟ್ಟಿಯಾಯಿತು. ಯಾರ ಮೈಮೇಲೆ ಬರಬೇಕೆಂದು ಹುಡುಕಿಕೊಂಡೇ ಬಂದಿದ್ದಾನೆ, ದಿನಾ ಒಲೆಯ ಮುಂದೆ ಕೂತು ಅವನ ವಿಷಯ ಕೇಳುತ್ತಿದ್ದವಳು ನೀನೊಬ್ಬಳೇ ಅಲ್ಲವೇ ಎಂದಳು. ಅದಕ್ಕೆ ಏನು ಹೇಳಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಪಟ್ಟಲಮ್ಮ ಸೀರೆ ಕೊಡವಿಕೊಂಡು ಎದ್ದಳು. ತಿಥಿ ಮುಗಿದ ಮೇಲೆ ಮೊದಲ ಸಲ ಒಲೆ ಹಚ್ಚಿದಳು. ಒಂದು ಮೊಟ್ಟೆ ಬೇಯಿಸಿ, ಸುಲಿದು, ತಟ್ಟೆಯಲ್ಲಿ ತಂದು ಶೋಭಿತಾಳ ಮುಂದೆ ಇಟ್ಟಳು.

"ತಿನ್ನು ಮಗ."

ಪಟ್ಟಲಮ್ಮ ಊರಿನ ಹೆಣ್ಣುಮಕ್ಕಳನ್ನೂ ಮಗ ಎಂದೇ ಕರೆಯುವವಳು. ಆದರೆ ಈಗ ಕರೆದದ್ದು ಶೋಭಿತಾಳನ್ನಲ್ಲ. ಶೋಭಿತಾ ಬೇಡ ಎನ್ನಲು ಬಾಯಿ ತೆರೆದಳು. ಎದುರಿಗೆ, ದಿನಗಟ್ಟಲೆ ಅನ್ನ ಕಾಣದೆ ಒಣಗಿದ ಮುಖ ಅವಳ ಬಾಯನ್ನೇ ನೋಡುತ್ತಿತ್ತು. ಬಿಳಿಯದನ್ನು ಕಚ್ಚಿದಳು. ಗಂಟಲಲ್ಲಿ ನಿಂತದ್ದನ್ನು ನೀರು ಕುಡಿದು ಇಳಿಸಿದಳು. ಹಳದಿಯನ್ನು ಗುಂಡಗೆ ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು. ಪಟ್ಟಲಮ್ಮ ಅದನ್ನು ಎತ್ತಿಕೊಂಡು, ಅದರ ಜೊತೆಗೆ ಎರಡು ತುತ್ತು ಅನ್ನವನ್ನೂ ಉಂಡಳು.

ಅವಳು ಉಣ್ಣುವುದು ಈಗ ಅಷ್ಟೇ. ಶೋಭಿತಾ ಮಂಡ್ಯಕ್ಕೆ ಮೀಟಿಂಗಿಗೆ ಹೋದ ದಿನ ಆ ಮನೆಯಲ್ಲಿ ಒಲೆ ಉರಿಯಲಿಲ್ಲ. ಡಾಕ್ಟರು ಎರಡು ಸಲ ಬಂದು ಹೋದರು, ಮಾತ್ರೆ ಬದಲಿಸಿದರು. ಡಾಕ್ಟರು ಹೇಳಿದಂತೆ ಪಟ್ಟಲಮ್ಮ ಮಾತ್ರೆ ನುಂಗುತ್ತಾಳೆ, ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ. ಮೊಟ್ಟೆಯ ವಿಷಯವನ್ನು ಶೋಭಿತಾ ಡಾಕ್ಟರಿಗೆ ಹೇಳಿಲ್ಲ. ನಿಲ್ಲಿಸಿ ಎಂದರೆ ನಿಲ್ಲಿಸುವುದು ಹೇಗೆಂದು ಅವಳಿಗೆ ತಿಳಿಯದು.

ನಿನ್ನೆ ಆ ಮನೆಯಿಂದ ಹೊರಟವಳು ಬೇಲಿಯ ಮರೆಯಲ್ಲಿ ಬಗ್ಗಿ ಕರುಳು ಕಿತ್ತುಬರುವಂತೆ ವಾಂತಿ ಮಾಡಿಕೊಂಡಳು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಪಕ್ಕದ ಬೀದಿಯ ಬಾಣಂತಿಯ ಮನೆಗೆ ನಡೆದಳು. ಇವತ್ತು ಅವಳು ಹೋಗುವ ಹೊತ್ತಿಗೆ ಪಟ್ಟಲಮ್ಮ ಆಗಲೇ ಮೊಟ್ಟೆ ಸುಲಿದು ಇಟ್ಟಿದ್ದಳು.